ಕಡಲ ಮೀನಿಗೆ ಎಂಥ ಚಾಕು?



ನಾನು ವಾಸವಾಗಿರುವ ಬೆಂಗಳೂರಿನ ಉತ್ತರಹಳ್ಳಿಯಿಂದ ಮಂಗಳೂರಿನ ಕಡಲತೀರಕ್ಕೆ ಸುಮಾರು 350 ಕಿಲೋಮೀಟರ್ ದೂರ. ಆದರೂ ಭಾನುವಾರ ಬೆಳಗ್ಗೆ ನಮ್ಮ ಬಡಾವಣೆಯ ಮೀನಿನ ಅಂಗಡಿಯಲ್ಲಿ ಬಂಗುಡೆ, ಅಂಜಲ್, ಕಾಣೆ, ಮಾಂಜಿ ಎಲ್ಲವೂ ಮಂಜುಗಡ್ಡೆಯ ಮೇಲೆ ಸಾಲಾಗಿ ಮಲಗಿರುತ್ತವೆ. ಅಂಗಡಿಯವರು ಮರದ ಕೊರಡಿನ ಮೇಲೆ ಮೀನಿಟ್ಟು ಮಚ್ಚಿನಿಂದ ಟಕಟಕನೆ ತುಂಡು ಮಾಡಿಕೊಡುತ್ತಾರೆ. ನಾವು ಚೀಲ ಹಿಡಿದು ಮನೆಗೆ ಬರುತ್ತೇವೆ. ಆ ಮಚ್ಚು ಯಾವ ಲೋಹದ್ದು, ಉಪ್ಪುನೀರಿನಲ್ಲಿ ದಿನವಿಡೀ ನೆನೆದರೂ ಅದು ಹೇಗೆ ಬಾಳುತ್ತದೆ ಎಂದು ಯೋಚಿಸುವವರು ಕಡಿಮೆ. ನಾನೂ ಯೋಚಿಸಿರಲಿಲ್ಲ, ಎಡಗೈ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬೀಳುವವರೆಗೆ.

ಕೆಲವು ವರ್ಷಗಳ ಹಿಂದಿನ ಮಾತು. ಮೀನುಗಾರಿಕೆಯ ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕಾಗಿ ನಮ್ಮ ತಂಡ ಉಡುಪಿಯ ಬಳಿಯ ಮಲ್ಪೆ ಬಂದರಿಗೆ ಹೊರಟಿತ್ತು. ಮೀನಿನ ಮುಳ್ಳು ಬಿಡಿಸಿ ಬರಿಯ ಮಾಂಸದ ಹೋಳು ತೆಗೆಯುವುದನ್ನು, ಅಂದರೆ ಫಿಲೆ ಮಾಡುವುದನ್ನು, ಕ್ಯಾಮೆರಾ ಮುಂದೆ ತೋರಿಸಬೇಕಿತ್ತು. ಅದಕ್ಕೆಂದು ಹೊರಡುವ ಮೊದಲು ಬೆಂಗಳೂರಿನ ಅಂಗಡಿಯೊಂದರಲ್ಲಿ ಉದ್ದನೆಯ, ಕನ್ನಡಿಯಂತೆ ಹೊಳೆಯುವ ಚಾಕು ಕೊಂಡೆ. ಅಂಗಡಿಯಾತ ಮೇಜಿನ ಖಾನೆಯಿಂದ ಸಣ್ಣ ಆಯಸ್ಕಾಂತ ತೆಗೆದು ಅಲಗಿಗೆ ಮುಟ್ಟಿಸಿದ. ಅದು ಅಂಟಲಿಲ್ಲ. “ನೋಡಿ ಸಾರ್, ಅಪ್ಪಟ ಸ್ಟೇನ್‌ಲೆಸ್ ಸ್ಟೀಲು. ಜೀವಮಾನವಿಡೀ ತುಕ್ಕು ಹಿಡಿಯಲ್ಲ” ಎಂದ. ವಿಜ್ಞಾನದ ಪದವೀಧರನಾದ ನಾನೂ ತಲೆಯಾಡಿಸಿ ಹಣ ಕೊಟ್ಟೆ.

ಮಲ್ಪೆಯಲ್ಲಿ ಎರಡು ಅಂಜಲ್ ಮೀನು ಕೊಯ್ಯುವಷ್ಟರಲ್ಲಿ ಚಾಕುವಿನ ಹರಿತ ಹೋಯಿತು. ಮೂರನೆಯದಕ್ಕೆ ಕೈಬಲ ಹಾಕಿ ಒತ್ತಿದೆ. ಅಲಗು ಬೆನ್ನುಮೂಳೆಯ ಮೇಲೆ ಜಾರಿ ನೇರವಾಗಿ ಹೆಬ್ಬೆರಳಿಗೆ ಬಂತು. ಪಕ್ಕದಲ್ಲಿ ಮೀನು ಕೊಯ್ಯುತ್ತಿದ್ದ ಹಿರಿಯ ಹೆಂಗಸೊಬ್ಬರು ಬೆರಳಿಗೆ ಬಟ್ಟೆ ಸುತ್ತುತ್ತಾ, “ನಿಮ್ಮ ಕತ್ತಿಗೆ ಹರಿತವೇ ಇಲ್ಲ ಮಾರಾಯ್ರೆ. ಹರಿತ ಇಲ್ಲದ ಕತ್ತಿಯೇ ಕೈ ಕೊಯ್ಯುವುದು” ಎಂದರು. ಕರಾವಳಿಯಲ್ಲಿ ಚಾಕುವಿಗೂ ಕತ್ತಿ ಎಂದೇ ಹೆಸರು. ಅವರೆದುರು ಇದ್ದದ್ದು ಮೆಟ್ಟುಕತ್ತಿ, ಅಂದರೆ ನಮ್ಮ ಕಡೆಯ ಈಳಿಗೆಮಣೆ. ಅದರ ಅಲಗು ಕಪ್ಪಗೆ, ನೋಡಲು ಏನೇನೂ ಚೆನ್ನಾಗಿರಲಿಲ್ಲ. ಊರಿನ ಕಮ್ಮಾರ ಮಾಡಿಕೊಟ್ಟು ಹನ್ನೆರಡು ವರ್ಷವಾಗಿದೆ ಎಂದರು. ಅದು ಕಾಗದ ಸೀಳಿದಂತೆ ಮೀನನ್ನು ಸೀಳುತ್ತಿತ್ತು.

ಹೊಳೆಯುವ ಹೊಸ ಚಾಕು ಸೋತದ್ದೇಕೆ? ಕಪ್ಪು ಬಣ್ಣದ ಹಳೆಯ ಕತ್ತಿ ಗೆದ್ದದ್ದೇಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಉಕ್ಕಿನ ಗುಟ್ಟು

ಮೊದಲು ಉಕ್ಕು ಎಂದರೇನು ಎಂಬುದನ್ನು ನೋಡೋಣ. ಶುದ್ಧ ಕಬ್ಬಿಣ ಮೆತ್ತಗಿನ ಲೋಹ. ಅದಕ್ಕೆ ಸ್ವಲ್ಪ ಇಂಗಾಲ ಬೆರೆತರೆ ಉಕ್ಕು. ಈ ‘ಸ್ವಲ್ಪ’ ಎಷ್ಟು ಗೊತ್ತೇ? ಒಳ್ಳೆಯ ಚಾಕುವಿನ ಉಕ್ಕಿನಲ್ಲಿ ಸಾಮಾನ್ಯವಾಗಿ ನೂರು ಭಾಗಕ್ಕೆ ಅರ್ಧ ಭಾಗದಿಂದ ಒಂದು ಭಾಗದಷ್ಟು ಮಾತ್ರ.

ಕಬ್ಬಿಣದ ಪರಮಾಣುಗಳು ಸಾಲುಸಾಲಾಗಿ, ಘನಾಕೃತಿಯ ಜೋಡಣೆಯಲ್ಲಿ ಕುಳಿತಿರುತ್ತವೆ. ಸಾಮಾನ್ಯ ಉಷ್ಣತೆಯಲ್ಲಿ ಒಂದು ಬಗೆಯ ಜೋಡಣೆ, ಕೆಂಪಗೆ ಕಾಯಿಸಿದಾಗ ಇನ್ನೊಂದು ಬಗೆ. ಕಾದ ಜೋಡಣೆಯಲ್ಲಿ ಇಂಗಾಲದ ಪರಮಾಣುಗಳಿಗೆ ಕೂರಲು ಹೆಚ್ಚು ಜಾಗವಿದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಉಕ್ಕನ್ನು ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಕಬ್ಬಿಣ ತನ್ನ ಹಳೆಯ ಜೋಡಣೆಗೆ ಮರಳಲು ಹೊರಡುತ್ತದೆ. ಆದರೆ ಒಳಗೆ ಕುಳಿತ ಇಂಗಾಲಕ್ಕೆ ಹೊರಬರಲು ಸಮಯವೇ ಸಿಗುವುದಿಲ್ಲ. ಅದು ಅಲ್ಲೇ ಸಿಕ್ಕಿಕೊಂಡು ಇಡೀ ಜೋಡಣೆ ಬಿಗಿಯಾಗುತ್ತದೆ. ಇದೇ ಉಕ್ಕಿನ ಗಡಸುತನ. ಈ ಬಿಗಿಯಾದ ರಚನೆಗೆ ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್ ಅವರ ಹೆಸರಿನಿಂದ ಮಾರ್ಟೆನ್ಸೈಟ್ ಎಂದು ಕರೆಯುತ್ತಾರೆ.

ಹೀಗೆ ಗಡಸಾದ ಉಕ್ಕು ಗಾಜಿನಂತೆ ಪೆಡಸು, ಬಿದ್ದರೆ ಮುರಿದೀತು. ಆದ್ದರಿಂದ ಅದನ್ನು ಮತ್ತೆ ಸುಮಾರು 200 ಡಿಗ್ರಿಯವರೆಗೆ ಕಾಯಿಸಿ ಆರಲು ಬಿಡುತ್ತಾರೆ. ಸ್ವಲ್ಪ ಗಡಸುತನ ಬಿಟ್ಟುಕೊಟ್ಟು ಬಾಗುವ ಗುಣ ಪಡೆಯುವ ಈ ಕೆಲಸಕ್ಕೆ ನಮ್ಮ ಕಮ್ಮಾರರು ಇಟ್ಟ ಹೆಸರು ‘ಹದ’. ಥರ್ಮಾಮೀಟರ್ ಇಲ್ಲದೆ, ಅಲಗಿನ ಮೇಲೆ ಮೂಡುವ ಹುಲ್ಲಿನ ಬಣ್ಣ, ಕಂದು, ನೀಲಿ ಛಾಯೆಗಳನ್ನು ನೋಡಿಯೇ ಅವರು ಹದ ಹಿಡಿಯುತ್ತಾರೆ.

ಇಲ್ಲಿ ನಮ್ಮ ನಾಡಿನ ಹೆಮ್ಮೆಯ ಸಂಗತಿಯೊಂದನ್ನು ಹೇಳಬೇಕು. ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾಗುತ್ತಿದ್ದ ಶ್ರೇಷ್ಠ ಉಕ್ಕು ಯುರೋಪಿನಲ್ಲಿ ‘ವುಟ್ಸ್’ ಎಂದು ಹೆಸರಾಗಿತ್ತು. ಅದು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಬಂದದ್ದು ಎಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಜನ ಕಬ್ಬಿಣ ಮತ್ತು ಉಕ್ಕು ತಯಾರಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ವಿದ್ಯುತ್ತಿನ ಸಂಶೋಧನೆಗಳಿಂದ ನಿಮಗೆಲ್ಲ ಪರಿಚಿತನಾದ ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. ಆತ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಈ ವುಟ್ಸ್ ಉಕ್ಕನ್ನು ಪರೀಕ್ಷಿಸಿದ. ಬಳಿಕ 1820ರಿಂದ 1822ರ ಅವಧಿಯಲ್ಲಿ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿದ ಪ್ರಯೋಗಗಳನ್ನು ಪ್ರಕಟಿಸಿದ. ಹಾಗೆ ಬೆರೆಸಿದ ಲೋಹಗಳಲ್ಲಿ ಕ್ರೋಮಿಯಂ ಕೂಡ ಒಂದು.

ತುಕ್ಕು ಮತ್ತು ಕಡಲ ನೀರು

ಇಂಗಾಲದ ಉಕ್ಕು ಹರಿತಕ್ಕೆ ಹೆಸರುವಾಸಿ. ಆದರೆ ಅದರ ವೈರಿ ತುಕ್ಕು. ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಸಿಕ್ಕಾಗ ಅದರ ಮೇಲ್ಮೈಯಲ್ಲಿ ಸಣ್ಣ ಸಣ್ಣ ವಿದ್ಯುತ್ಕೋಶಗಳು ಏರ್ಪಡುತ್ತವೆ. ಒಂದು ಜಾಗದಲ್ಲಿ ಕಬ್ಬಿಣ ಇಲೆಕ್ಟ್ರಾನುಗಳನ್ನು ಕಳೆದುಕೊಂಡು ಕರಗುತ್ತದೆ. ಇನ್ನೊಂದು ಜಾಗದಲ್ಲಿ ಆಮ್ಲಜನಕ ಆ ಇಲೆಕ್ಟ್ರಾನುಗಳನ್ನು ಪಡೆಯುತ್ತದೆ. ಈ ಎರಡು ಜಾಗಗಳ ನಡುವೆ ಅಯಾನುಗಳು ಓಡಾಡಲು ನೀರು ದಾರಿಯಾಗುತ್ತದೆ.

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಲವಣ ಕರಗಿದ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಸಿಹಿನೀರು ಕಾಲುದಾರಿಯಾದರೆ ಕಡಲ ನೀರು ಹೆದ್ದಾರಿ. ಆದ್ದರಿಂದಲೇ ಬಂದರಿನಲ್ಲಿ ಇಟ್ಟ ಕಬ್ಬಿಣ ಬೆಂಗಳೂರಿನಲ್ಲಿ ಇಟ್ಟ ಕಬ್ಬಿಣಕ್ಕಿಂತ ಬೇಗ ಕೆಂಪಾಗುತ್ತದೆ.

ಇದಕ್ಕೆ ಪರಿಹಾರ ದೊರೆತದ್ದು 1913ರಲ್ಲಿ. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗಳ ಸವೆತ ತಡೆಯಲು ಉಕ್ಕು ಹುಡುಕುತ್ತಿದ್ದರು. ನೂರಕ್ಕೆ 13 ಭಾಗದಷ್ಟು ಕ್ರೋಮಿಯಂ ಬೆರೆಸಿದ ಉಕ್ಕು ಆಮ್ಲಕ್ಕೂ ಜಗ್ಗದೆ ಹೊಳೆಯುತ್ತಿರುವುದನ್ನು ಅವರು ಗಮನಿಸಿದರು. ಉಕ್ಕಿನಲ್ಲಿ ಕ್ರೋಮಿಯಂ ಪ್ರಮಾಣ ಸುಮಾರು ಶೇಕಡಾ 10.5 ದಾಟಿದರೆ ಅದರ ಮೇಲೆ ಕ್ರೋಮಿಯಂ ಆಕ್ಸೈಡಿನ ಪೊರೆ ತಾನಾಗಿಯೇ ಕಟ್ಟುತ್ತದೆ. ಈ ಪೊರೆ ಎಷ್ಟು ತೆಳುವೆಂದರೆ ಕೆಲವೇ ನ್ಯಾನೋಮೀಟರ್ ದಪ್ಪ, ಕಣ್ಣಿಗೆ ಕಾಣುವುದಿಲ್ಲ. ಗೀರು ಬಿದ್ದರೂ ಗಾಳಿಯ ಆಮ್ಲಜನಕ ಹೀರಿ ಮತ್ತೆ ಕಟ್ಟಿಕೊಳ್ಳುತ್ತದೆ.

ಆದರೆ ಶೆಫೀಲ್ಡಿನ ಚಾಕು ತಯಾರಕರು ಆರಂಭದಲ್ಲಿ ಬ್ರಿಯರ್ಲಿಯವರನ್ನು ಗೇಲಿ ಮಾಡಿದರು. ಕೊಯ್ಯಲಾರದ ಚಾಕು ಕಂಡುಹಿಡಿದವನು ಎಂಬುದು ಅವರ ಕುಹಕ. ಏಕೆಂದರೆ ಈ ಹೊಸ ಉಕ್ಕಿಗೆ ಹಳೆಯ ಹದ ಹೊಂದುತ್ತಿರಲಿಲ್ಲ. ಅದನ್ನು ಗಡಸು ಮಾಡಲು ಸುಮಾರು 1000 ಡಿಗ್ರಿಗೂ ಮೀರಿದ ಕಾವು ಬೇಕು. ಸರಿಯಾದ ಹದ ಕಲಿತ ಮೇಲೆ ಅದೇ ಉಕ್ಕು ಜಗತ್ತಿನ ಅಡುಗೆಮನೆಗಳನ್ನೆಲ್ಲ ಸೇರಿತು.

ಆಯಸ್ಕಾಂತ ಹೇಳಿದ್ದೇನು?

ಈಗ ನನ್ನ ಚಾಕುವಿನ ವಿಷಯಕ್ಕೆ ಬರೋಣ. ನಮ್ಮ ಮನೆಯ ಲೋಟ, ತಟ್ಟೆ, ಡಬ್ಬಿಗಳ ಸ್ಟೇನ್‌ಲೆಸ್ ಸ್ಟೀಲು ಕೆಲವೊಮ್ಮೆ 304 ಎಂಬ ಬಗೆಯದಾಗಿರುತ್ತದೆ. ಅದರಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕಲ್ ಇರುತ್ತವೆ. ಇಂಗಾಲ ಅತ್ಯಲ್ಪ. ಕಬ್ಬಿಣ ಕಾದಾಗ ತಳೆಯುವ ಜೋಡಣೆಯನ್ನು ಆರಿದ ಮೇಲೂ ಹಾಗೆಯೇ ಉಳಿಸುವುದು ನಿಕಲ್‌ನ ಗುಣ. ಜೋಡಣೆ ಬದಲಾಗದಿದ್ದರೆ ಇಂಗಾಲ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಅಂದರೆ ಈ ಉಕ್ಕನ್ನು ಎಷ್ಟು ಕಾಯಿಸಿ ಎಷ್ಟು ಬಾರಿ ನೀರಿಗೆ ಅದ್ದಿದರೂ ಅದು ಗಡಸಾಗುವುದಿಲ್ಲ. ಆ ಜೋಡಣೆಗೆ ಇನ್ನೊಂದು ಲಕ್ಷಣವಿದೆ: ಆಯಸ್ಕಾಂತ ಅದನ್ನು ಹಿಡಿಯುವುದಿಲ್ಲ.

ವಿಷಯ ಸ್ಪಷ್ಟವಾಯಿತಲ್ಲವೇ? ಆಯಸ್ಕಾಂತ ಅಂಟದಿರುವುದಕ್ಕೂ ಚಾಕು ಹರಿತ ಉಳಿಸಿಕೊಳ್ಳದಿರುವುದಕ್ಕೂ ಕಾರಣ ಒಂದೇ. ಅಂಗಡಿಯಾತ ನನಗೆ ಸುಳ್ಳು ಹೇಳಲಿಲ್ಲ. ಅದು ತುಕ್ಕು ಹಿಡಿಯದ ಉಕ್ಕೇ ಹೌದು. ಆದರೆ ಪಾತ್ರೆಯ ಉಕ್ಕು, ಚಾಕುವಿನ ಉಕ್ಕಲ್ಲ. ಪಾತ್ರೆಗೆ ಸಲ್ಲುವ ಪರೀಕ್ಷೆಯನ್ನು ಆತ ಚಾಕುವಿಗೆ ಮಾಡಿದ. ಅದನ್ನು ಗುರುತಿಸದೆ ಹೋದ ತಪ್ಪು ನನ್ನದು.

ಚಾಕುವಿಗೆಂದೇ ಮಾಡಿದ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಜೊತೆಗೆ ಸಾಕಷ್ಟು ಇಂಗಾಲ ಇರುತ್ತದೆ, ನಿಕಲ್ ಇರುವುದಿಲ್ಲ ಅಥವಾ ಬಹಳ ಕಡಿಮೆ. ಅದು ಗಡಸಾಗುತ್ತದೆ, ಆಯಸ್ಕಾಂತಕ್ಕೂ ಅಂಟುತ್ತದೆ. ಹಾಗೆಂದು ಆಯಸ್ಕಾಂತ ಅಂಟಿದ್ದೆಲ್ಲ ಒಳ್ಳೆಯ ಚಾಕು ಎಂದಲ್ಲ. ಮೆದು ಕಬ್ಬಿಣದ ಮೊಳೆಗೂ ಅದು ಅಂಟುತ್ತದೆ. ಆಯಸ್ಕಾಂತದಿಂದ ಕೆಟ್ಟದ್ದನ್ನು ತಳ್ಳಿಹಾಕಬಹುದು, ಒಳ್ಳೆಯದನ್ನು ಆರಿಸಲಾಗದು.

ಹೊಳಪಿನೊಳಗಿನ ಕುಳಿ

ಹಾಗಾದರೆ ಹೆಚ್ಚು ಇಂಗಾಲವಿರುವ ಸ್ಟೇನ್‌ಲೆಸ್ ಉಕ್ಕು ತಂದರೆ ಮುಗಿಯಿತೇ? ಇಲ್ಲ. ಉಕ್ಕಿನಲ್ಲಿ ಇಂಗಾಲ ಹೆಚ್ಚಿದಂತೆ ಅದು ಕ್ರೋಮಿಯಂ ಜೊತೆ ಕೂಡಿ ಕಾರ್ಬೈಡಿನ ಕಣಗಳಾಗುತ್ತದೆ. ಈ ಕಣಗಳು ಬಹಳ ಗಡಸು, ಹರಿತಕ್ಕೆ ಸಹಾಯಕ. ಆದರೆ ಹಾಗೆ ಕಟ್ಟುಬಿದ್ದ ಕ್ರೋಮಿಯಂ ಪೊರೆ ಕಟ್ಟುವ ಕೆಲಸಕ್ಕೆ ಸಿಗುವುದಿಲ್ಲ. ಹೀಗಾಗಿ ಹರಿತ ಮತ್ತು ತುಕ್ಕುನಿರೋಧ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ.

ಕಡಲ ನೀರಿನ ಕ್ಲೋರೈಡ್ ಅಯಾನುಗಳು ಈ ಪೊರೆಯ ದುರ್ಬಲ ಜಾಗ ಹುಡುಕಿ ತೂತು ಕೊರೆಯುತ್ತವೆ. ಸೂಜಿಮೊನೆಯಷ್ಟು ಕುಳಿ ಬೀಳುತ್ತದೆ. ಆ ಕುಳಿಯೊಳಗಿನ ನೀರು ಕ್ರಮೇಣ ಆಮ್ಲೀಯವಾಗಿ ಕೊರೆತ ಇನ್ನೂ ಆಳಕ್ಕೆ ಹೋಗುತ್ತದೆ. ಸುತ್ತಲಿನ ಲೋಹವೆಲ್ಲ ಹೊಳೆಯುತ್ತಿರುವಾಗಲೇ ಒಳಗೆ ಲೋಹ ಕರಗುತ್ತಿರುತ್ತದೆ. ಹಿಡಿಯ ಸಂದು, ಒದ್ದೆಯಾದ ಒರೆ ಮುಂತಾದ ಗಾಳಿಯಾಡದ ಜಾಗಗಳಲ್ಲಿ ಈ ಅಪಾಯ ಹೆಚ್ಚು. ಅಲ್ಲಿ ಪೊರೆ ಮತ್ತೆ ಕಟ್ಟಲು ಬೇಕಾದ ಆಮ್ಲಜನಕ ಸಿಗುವುದಿಲ್ಲ.

ನನ್ನ ಎರಡನೆಯ ಚಾಕು ಸೋತದ್ದು ಇಲ್ಲಿಯೇ. ಈ ಬಾರಿ ಉಕ್ಕು ಸರಿಯಾಗಿತ್ತು, ಹರಿತವೂ ನಿಂತಿತು. ಆದರೆ ಚಿತ್ರೀಕರಣ ಮುಗಿದ ಸಂಜೆ ಒರೆಸದೆ ಚರ್ಮದ ಒರೆಗೆ ಸೇರಿಸಿ ಊರಿಗೆ ಬಂದೆ. ವಾರ ಬಿಟ್ಟು ತೆಗೆದಾಗ ಅಲಗಿನ ತುಂಬ ಕಂದು ಚುಕ್ಕೆ. ಅಂಚಿನಲ್ಲಿ ಬಿದ್ದ ಕುಳಿಗಳು ಸಾಣೆಯಿಂದಲೂ ಪೂರ್ತಿ ಹೋಗಲಿಲ್ಲ.

ಆಯ್ಕೆ ಹೇಗೆ?

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭ. ಕಡಲ ಮೀನಿಗೆ ದೊರೆಯುವ ಚಾಕುಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ಕಮ್ಮಾರ ಮಾಡಿದ ಇಂಗಾಲದ ಉಕ್ಕು. ಲಾರಿಯ ಹಳೆಯ ಕಮಾನು ಪಟ್ಟಿಯಿಂದಲೂ ಇಂಥ ಕತ್ತಿಗಳನ್ನು ತಟ್ಟುತ್ತಾರೆ. ಬೆಲೆ ಕಡಿಮೆ, ಹರಿತ ಉತ್ತಮ, ಸಾಣೆ ಸುಲಭ. ಆದರೆ ಪ್ರತಿದಿನ ತೊಳೆದು, ಒರೆಸಿ, ಎಣ್ಣೆ ಹಚ್ಚುವವರಿಗೆ ಮಾತ್ರ ಒದಗುತ್ತದೆ.

ಎರಡನೆಯದು ಮಧ್ಯಮ ಪ್ರಮಾಣದ ಇಂಗಾಲವಿರುವ ಸ್ಟೇನ್‌ಲೆಸ್ ಉಕ್ಕು. ಉದಾಹರಣೆಗೆ 1.4116 ಎಂಬ ಅಂಕಿಯ ಜರ್ಮನ್ ಬಗೆಯಲ್ಲಿ ಸುಮಾರು ಶೇಕಡಾ 0.5 ಇಂಗಾಲ, 14ರಿಂದ 15 ಕ್ರೋಮಿಯಂ, ಜೊತೆಗೆ ಸ್ವಲ್ಪ ಮಾಲಿಬ್ಡಿನಂ ಇವೆ. ಕ್ಲೋರೈಡಿನ ಕೊರೆತ ತಡೆಯಲು ಮಾಲಿಬ್ಡಿನಂ ನೆರವಾಗುತ್ತದೆ. 440ಸಿ ಎಂಬ ಬಗೆಯಲ್ಲಿ ಇಂಗಾಲ ಸುಮಾರು ಒಂದು ಭಾಗ; ಹರಿತ ಹೆಚ್ಚು ಕಾಲ ನಿಲ್ಲುತ್ತದೆ, ಆದರೆ ಕಡಲ ನೀರಿನಲ್ಲಿ ಎಚ್ಚರ ಹೆಚ್ಚು ಬೇಕು. ಗಡಸುತನವನ್ನು ರಾಕ್‌ವೆಲ್ ಸಿ ಮಾನದಲ್ಲಿ ಅಳೆಯುತ್ತಾರೆ. ಫಿಲೆ ಚಾಕುವಿಗೆ 54ರಿಂದ 58ರ ನಡುವಿನ ಅಂಕಿ ತಕ್ಕದ್ದು. ತೀರ ಗಡಸಾದರೆ ಬಾಗುವ ತೆಳು ಅಲಗು ಮುರಿದೀತು.

ಮೂರನೆಯದು ಇಂಗಾಲದ ಸ್ಥಾನದಲ್ಲಿ ಬಹುಮಟ್ಟಿಗೆ ಸಾರಜನಕ ಬಳಸಿದ ಹೊಸ ಉಕ್ಕುಗಳು.  ಇವು ಕಡಲ ನೀರಿಗೆ ಬಹಳ ಮಟ್ಟಿಗೆ ಜಗ್ಗುವುದಿಲ್ಲ. ಬೆಲೆ ಮಾತ್ರ ದುಬಾರಿ.

ಗಾಳ ಹಾಕುವ ಹವ್ಯಾಸವುಳ್ಳವರಿಗೆ, ವಾರಕ್ಕೊಮ್ಮೆ ಮೀನು ತರುವ ಮನೆಯವರಿಗೆ ಎರಡನೆಯ ಗುಂಪಿನ ಚಾಕು ಸಾಕು ಎಂಬುದು ನನ್ನ ಅನುಭವ.

ಆಕಾರವನ್ನೂ ಗಮನಿಸಬೇಕು. ಮಚ್ಚಿನ ಕೆಲಸ ಕಡಿಯುವುದು, ಫಿಲೆ ಚಾಕುವಿನ ಕೆಲಸ ಮುಳ್ಳಿನ ಮೇಲೆ ಸವರಿಕೊಂಡು ಹೋಗುವುದು. ಆದ್ದರಿಂದ ಅಲಗು ತೆಳ್ಳಗೆ, ಕಿರಿದಾಗಿ, ಬಾಗಿ ಮತ್ತೆ ನೆಟ್ಟಗಾಗುವಂತಿರಬೇಕು. ಬಂಗುಡೆಯಂಥ ಸಣ್ಣ ಮೀನಿಗೆ 15 ಸೆಂಟಿಮೀಟರ್ ಉದ್ದ ಸಾಕು. ಅಂಜಲ್‌ನಂಥ ದೊಡ್ಡ ಮೀನಿಗೆ 20ರಿಂದ 23 ಸೆಂಟಿಮೀಟರ್ ಬೇಕು. ಅಲಗಿನ ಲೋಹ ಹಿಡಿಯ ಕೊನೆಯವರೆಗೂ ಹೋಗಿದ್ದರೆ ಗಟ್ಟಿ. ಮೀನಿನ ಲೋಳೆಯಲ್ಲಿ ನಯವಾದ ಹಿಡಿ ಜಾರುತ್ತದೆ. ತರಿತರಿಯಾದ ಪ್ಲಾಸ್ಟಿಕ್ ಅಥವಾ ರಬ್ಬರಿನ ಹಿಡಿ, ಬೆರಳು ಮುಂದೆ ಜಾರದಂತೆ ತಡೆಯುವ ಉಬ್ಬು ಇರಬೇಕು. ಮರದ ಹಿಡಿ ನೀರು ಕುಡಿದು ಸಂದು ಬಿಡುತ್ತದೆ. ಹಿಡಿಗೆ ಹಿತ್ತಾಳೆಯ ಮೊಳೆ ಇದ್ದರೆ ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿ ವಿದ್ಯುತ್ಕೋಶವಾಗುತ್ತದೆ, ಅಲಗು ಇಂಗಾಲದ ಉಕ್ಕಿನದಾದರೆ ಅದು ಬೇಗ ಸವೆಯುತ್ತದೆ. ಒರೆ ಚರ್ಮದ್ದು ಬೇಡ. ನೀರು ಸೋರಿಹೋಗುವ ತೂತುಗಳುಳ್ಳ ಪ್ಲಾಸ್ಟಿಕ್ ಒರೆ ಇರಲಿ.

ಬಾಳಿಕೆ ಯಾರ ಕೈಯಲ್ಲಿ?

ಮಲ್ಪೆಯ ಆ ಹಿರಿಯರ ಕತ್ತಿ ಹನ್ನೆರಡು ವರ್ಷ ಬಾಳಿದ್ದರ ಗುಟ್ಟನ್ನು ಮರುದಿನ ನೋಡಿದೆ. ಕೆಲಸ ಮುಗಿದೊಡನೆ ಅವರು ಅಲಗನ್ನು ಸಿಹಿನೀರಿನಲ್ಲಿ ತೊಳೆದರು. ಒಣಬಟ್ಟೆಯಿಂದ ಒರೆಸಿ, ಬೆರಳ ತುದಿಯಲ್ಲಿ ತೆಂಗಿನೆಣ್ಣೆ ತೆಗೆದು ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಸವರಿದರು. ಎಲ್ಲ ಸೇರಿ ಎರಡು ನಿಮಿಷ. ಸಿಹಿನೀರು ಕ್ಲೋರೈಡನ್ನು ಕಳೆಯಿತು, ಬಟ್ಟೆ ನೀರನ್ನು ಕಳೆಯಿತು, ಎಣ್ಣೆ ಆಮ್ಲಜನಕವನ್ನು ದೂರವಿಟ್ಟಿತು. ಅವರ ಅಲಗಿನ ಕಪ್ಪು ಬಣ್ಣವೂ ಕೊಳೆಯಲ್ಲ. ವರ್ಷಗಳ ಬಳಕೆಯಿಂದ ಕಟ್ಟಿದ ಗಟ್ಟಿ ಪದರ, ಕೆಂಪು ತುಕ್ಕಿನಂತೆ ಉದುರಿಹೋಗುವುದಿಲ್ಲ.

ಸಾಣೆಯನ್ನೂ ಮರೆಯಬಾರದು. ಅಲಗನ್ನು ಕಲ್ಲಿನ ಮೇಲೆ ಪ್ರತಿ ಬದಿಗೂ ಸುಮಾರು 15ರಿಂದ 20 ಡಿಗ್ರಿ ಕೋನದಲ್ಲಿ ಹಿಡಿದು ಸಮನಾಗಿ ಉಜ್ಜಬೇಕು. ಹರಿತವಾದ ಚಾಕುವಿಗೆ ಒತ್ತಡ ಬೇಡ. ಒತ್ತಡವಿಲ್ಲದಿದ್ದರೆ ಜಾರಿದರೂ ಗಾಯ ಸಣ್ಣದು. ಶಾಲಾ ವಿದ್ಯಾರ್ಥಿಗಳು ಇದನ್ನೆಲ್ಲ ಹಿರಿಯರ ಜೊತೆಯಲ್ಲಿಯೇ ಮಾಡಬೇಕು.

ಮಾಡಿ ನೋಡಿ

ನಾಲ್ಕು ಹೊಸ ಕಬ್ಬಿಣದ ಮೊಳೆಗಳನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳಿ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಉಪ್ಪು ಕರಗಿಸಿದರೆ ನಿಮ್ಮ ಮನೆಯಲ್ಲೇ ಕಡಲು ಸಿದ್ಧ. ಮೊದಲ ಮೊಳೆಯನ್ನು ಸಿಹಿನೀರಿನಲ್ಲಿ, ಎರಡನೆಯದನ್ನು ಉಪ್ಪುನೀರಿನಲ್ಲಿ ಮುಳುಗಿಸಿ. ಮೂರನೆಯದನ್ನು ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿಡಿ. ಇದು ನನ್ನ ಚರ್ಮದ ಒರೆ. ನಾಲ್ಕನೆಯದಕ್ಕೆ ತೆಂಗಿನೆಣ್ಣೆ ಸವರಿ ಅಂಥದೇ ಬಟ್ಟೆಯಲ್ಲಿ ಸುತ್ತಿ. ಬಟ್ಟೆ ಒಣಗದಂತೆ ನೋಡಿಕೊಂಡು ಐದು ದಿನ ಬೆಳಗ್ಗೆ ಸಂಜೆ ಪರೀಕ್ಷಿಸಿ. ಯಾವುದು ಮೊದಲು ಕೆಂಪಾಯಿತು, ಏಕೆ ಎಂದು ಟಿಪ್ಪಣಿ ಬರೆಯಿರಿ. ಜೊತೆಗೆ ಒಂದು ಆಯಸ್ಕಾಂತ ಹಿಡಿದು ನಿಮ್ಮ ಅಡುಗೆಮನೆಯ ಲೋಟ, ಚಮಚ, ಚಾಕು, ಈಳಿಗೆಮಣೆಗಳನ್ನು ಮುಟ್ಟಿಸಿ ಪಟ್ಟಿ ಮಾಡಿ. ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಯಾವುದು ಬೇಗ ಮೊಂಡಾಗುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ನನ್ನ ಹೆಬ್ಬೆರಳಿನ ಮೇಲೆ ಆ ಗಾಯದ ಗೆರೆ ಇನ್ನೂ ಇದೆ. ಅಂಗಡಿಯಲ್ಲಿ ಯಾರಾದರೂ ಆಯಸ್ಕಾಂತ ತೆಗೆದಾಗಲೆಲ್ಲ ನಾನು ಒಂದು ಪ್ರಶ್ನೆ ಕೇಳುತ್ತೇನೆ: “ಇದು ಲೋಟಕ್ಕೋ, ಚಾಕುವಿಗೋ?” ಪರೀಕ್ಷೆ ಮಾಡುವ ಮೊದಲು ಅದು ಯಾವುದರ ಪರೀಕ್ಷೆ ಎಂದು ಕೇಳಿಕೊಳ್ಳುವುದು ಪ್ರಯೋಗಾಲಯದಲ್ಲಿ ಮಾತ್ರವಲ್ಲ, ಪೇಟೆಯಲ್ಲೂ ಅಗತ್ಯ. ನೀವೂ ಕೇಳಿ.